ಸೈಕಲ್ ಹೊಡೀತಾರೆ, ನಡೆಯೋಕಾಗಲ್ಲ: ಅಪ್ಪನ ಕಾಲುನೋವು ನಾಟಕವೇ?

ಪ್ರಶ್ನೆ: ನಮ್ಮ ತಂದೆಗೆ 69 ವರ್ಷ. ಪೋಸ್ಟ್‌ಮ್ಯಾನ್ ಆಗಿದ್ದವರು. ಊರು ದಾವಣಗೆರೆ ಹತ್ತಿರ. ಎರಡು ವರ್ಷದಿಂದ ಸ್ವಲ್ಪ ನಡೆದರೆ ಸಾಕು, ಎರಡೂ ಕಾಲು ಜೋಮು ಹಿಡಿದು ಭಾರವಾಗುತ್ತವೆ. ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಮೂರು ಕಟ್ಟೆ ಮೇಲೆ ಕೂರುತ್ತಾರೆ. ಆದರೆ ಸೈಕಲ್ ಹತ್ತಿ ಮೂರು ಕಿಲೋಮೀಟರ್ ದೂರದ ಸಂತೆಗೆ ಆರಾಮಾಗಿ ಹೋಗಿಬರುತ್ತಾರೆ. "ಬೇಕಾದಾಗ ನೋವು, ಬೇಡವಾದಾಗ ಇಲ್ಲ" ಅಂತ ಮನೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತೇವೆ. ಶುಗರ್ 12 ವರ್ಷದಿಂದ ಇದೆ, ಮೆಟ್‌ಫಾರ್ಮಿನ್ ತಗೋತಾರೆ. ಬೀಡಿ ಬಿಟ್ಟು 8 ವರ್ಷವಾಯಿತು. ಎಂಆರ್‌ಐನಲ್ಲಿ ಎಲ್4-ಎಲ್5 ಹತ್ತಿರ ಸಿವಿಯರ್ ಸ್ಟೆನೋಸಿಸ್ ಅಂತ ಬಂದಿದೆ. ಒಬ್ಬ ಡಾಕ್ಟರು ಬೇಗ ಸ್ಕ್ರೂ ಹಾಕಿಸಿ, ಇಲ್ಲದಿದ್ದರೆ ಲಕ್ವ ಹೊಡೆಯುತ್ತೆ ಎಂದರು. ಇನ್ನೊಬ್ಬರು ವಯಸ್ಸಾಯ್ತು, ಮಾತ್ರೆ ನುಂಗಿಕೊಂಡಿರಿ ಎಂದರು. ಯಾರ ಮಾತು ಕೇಳಲಿ? ಸೈಕಲ್ ಬಿಡಿಸಬೇಕಾ?

ಉತ್ತರ: ಮೊದಲು ಅಪ್ಪನ ಹತ್ತಿರ ಕ್ಷಮೆ ಕೇಳಿಬಿಡಿ. ಅವರು ನಾಟಕ ಮಾಡುತ್ತಿಲ್ಲ. ನಡೆಯಲು ಆಗಲ್ಲ, ಸೈಕಲ್ ಮಾತ್ರ ಹೊಡೆಯಬಹುದು ಅನ್ನುವುದೇ ಸ್ಟೆನೋಸಿಸ್, ಅಂದರೆ ಬೆನ್ನುಮೂಳೆಯೊಳಗೆ ನರಗಳ ದಾರಿ ಇಕ್ಕಟ್ಟಾಗುವ ಈ ಕಾಯಿಲೆಯ ಗುರುತು. ಎಂಆರ್‌ಐ ವರದಿಗಿಂತ ನಿಮ್ಮ ಪತ್ರದ ಆ ಒಂದು ಸಾಲೇ ನನಗೆ ಜಾಸ್ತಿ ಹೇಳಿತು.

ಇಂಥವರಲ್ಲಿ ಹಲವರು ಮನೆಯವರ ಕೊಂಕುಮಾತು ಕೇಳಿಸಿಕೊಂಡೇ ನಮ್ಮ ಹತ್ತಿರ ಬರುತ್ತಾರೆ. ಮದುವೆ ಮನೆಯಲ್ಲಿ ಹತ್ತು ನಿಮಿಷ ನಿಲ್ಲಲಾರದ ಅತ್ತೆ, ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು ಅರ್ಧ ಗಂಟೆ ರಂಗೋಲಿ ಹಾಕುತ್ತಾರೆ. ಸೊಸೆಗೆ ಅನುಮಾನ ಬರುವುದು ಸಹಜ ಅಲ್ವಾ? ಆದರೆ ಎರಡಕ್ಕೂ ಕಾರಣ ಒಂದೇ. ನೆಟ್ಟಗೆ ನಿಂತಾಗ ಸೊಂಟದೊಳಗೆ ಜಾಗ ಕಮ್ಮಿಯಾಗುತ್ತದೆ. ಮುಂದಕ್ಕೆ ಬಾಗಿದಾಗ ಜಾಗ ಸಿಗುತ್ತದೆ.

ನಮ್ಮಲ್ಲಿ ಬೆನ್ನುನೋವು ಅಂದರೆ ಸಾಕು, "ಗ್ಯಾಪ್ ಬಂದಿದೆಯಂತೆ" ಅನ್ನುತ್ತಾರೆ. ಇಲ್ಲಿ ಆಗಿರುವುದು ಅದರ ಉಲ್ಟಾ. ಬೆನ್ನುಮೂಳೆ ಒಂದರ ಮೇಲೊಂದು ಕೂರಿಸಿದ ಮಣಿಗಳ ಸಾಲು. ಪ್ರತಿ ಮಣಿಯ ಹಿಂಬದಿಯಲ್ಲಿ ಒಂದು ತೂತು. ತೂತುಗಳೆಲ್ಲ ಸೇರಿ ಒಂದು ಕೊಳವೆ, ಅದರೊಳಗೆ ನರಗಳು. ಸೊಂಟದ ಹತ್ತಿರ ಈ ಕೊಳವೆ ಮುಂದಿನಿಂದ ಹಿಂದಕ್ಕೆ ಸಾಮಾನ್ಯವಾಗಿ 15 ಮಿಲಿಮೀಟರಿಗಿಂತ ಜಾಸ್ತಿ ಇರುತ್ತದೆ. 12ಕ್ಕಿಂತ ಇಳಿದರೆ ಇಕ್ಕಟ್ಟು, 10ಕ್ಕಿಂತ ಕಮ್ಮಿಯಾದರೆ ತೀರಾ ಇಕ್ಕಟ್ಟು ಅನ್ನುವುದು ಹಳೆಯ ಲೆಕ್ಕ. ಸ್ಟೆನೋಸಿಸ್ ಅಂದರೆ ಈ ಇಕ್ಕಟ್ಟೇ. ಕೆಲವರಿಗೆ ಹುಟ್ಟಿನಿಂದಲೇ ಕೊಳವೆ ಸಣ್ಣದಿರುತ್ತದೆ. ಅಂಥವರಿಗೆ ತೊಂದರೆ ನಲವತ್ತು, ಐವತ್ತಕ್ಕೇ ಶುರುವಾಗಬಹುದು.

ಉಳಿದವರಿಗೆ ಇದು ವರ್ಷಗಟ್ಟಲೆ ನಿಧಾನವಾಗಿ ಆಗುವ ಕೆಲಸ. ವಯಸ್ಸಾದಂತೆ ಮಣಿಗಳ ನಡುವಿನ ಡಿಸ್ಕ್ ನೀರಿನಂಶ ಕಳೆದುಕೊಂಡು ಚಪ್ಪಟೆಯಾಗುತ್ತದೆ, ಹಿಂದಕ್ಕೆ ಉಬ್ಬುತ್ತದೆ. ಡಿಸ್ಕ್ ಹೊರಬೇಕಾದ ಭಾರ ಹಿಂಬದಿಯ ಪುಟ್ಟ ಕೀಲುಗಳ ಮೇಲೆ ಬೀಳುತ್ತದೆ. ಅವು ಮೂಳೆ ಬೆಳೆಸಿಕೊಂಡು ದಪ್ಪಗಾಗುತ್ತವೆ. ಮಣಿಗಳನ್ನು ಹಿಂದಿನಿಂದ ಹಿಡಿದಿಡುವ ಹಳದಿ ಬಣ್ಣದ ಪಟ್ಟಿಯೊಂದಿದೆ. ಅದೂ ದಪ್ಪವಾಗಿ ಒಳಕ್ಕೆ ನೆರಿಗೆ ಬೀಳುತ್ತದೆ. ಹೀಗೆ ಮುಂದಿನಿಂದ ಡಿಸ್ಕ್, ಪಕ್ಕದಿಂದ ಕೀಲು, ಹಿಂದಿನಿಂದ ಪಟ್ಟಿ. ಮೂರೂ ಸೇರಿ ನರಗಳನ್ನು ಒತ್ತುತ್ತವೆ. ಎಲ್4-ಎಲ್5 ಅಂದರೆ ಸೊಂಟದ ನಾಲ್ಕನೇ ಮತ್ತು ಐದನೇ ಮಣಿಯ ನಡುವಿನ ಜಾಗ. ಭಾರವೂ ಅಲ್ಲಿ ಜಾಸ್ತಿ, ಅಲುಗಾಟವೂ ಜಾಸ್ತಿ. ಅದಕ್ಕೇ ಸಾಮಾನ್ಯವಾಗಿ ಮೊದಲು ಕೆಡುವುದು ಅದೇ.

ಬಾಗಿದರೆ ಯಾಕೆ ಹಾಯೆನಿಸುತ್ತದೆ? ತುಂಬುತೋಳಿನ ಶರ್ಟು ಹಾಕಿಕೊಂಡು ಮೊಣಕೈ ಮಡಿಸಿ ನೋಡಿ. ಒಳಮೈಯಲ್ಲಿ ಬಟ್ಟೆ ನೆರಿಗೆಯಾಗಿ ಉಬ್ಬುತ್ತದೆ. ಕೈ ಚಾಚಿದರೆ ನೆರಿಗೆ ಹೋಗುತ್ತದೆ. ನಿಂತಾಗ ಸೊಂಟ ಒಳಕ್ಕೆ ಬಾಗಿರುತ್ತದೆ, ಹಿಂಬದಿಯ ಪಟ್ಟಿ ಹೀಗೇ ನೆರಿಗೆ ಕಟ್ಟಿ ಕೊಳವೆಯೊಳಗೆ ನುಗ್ಗುತ್ತದೆ. ಕೂತಾಗ, ಬಾಗಿದಾಗ ಬಿಗಿಯಾಗಿ ಎಳೆದುಕೊಳ್ಳುತ್ತದೆ. ಇನ್ನು ನಡೆಯುವಾಗ ನರಗಳಿಗೆ ರಕ್ತ ಜಾಸ್ತಿ ಬೇಕು. ಇಕ್ಕಟ್ಟಿನಲ್ಲಿ ಸಣ್ಣ ರಕ್ತನಾಳಗಳೂ ಒತ್ತಿಕೊಂಡಿರುತ್ತವೆ. ಬೇಡಿಕೆ ಏರುತ್ತದೆ, ಪೂರೈಕೆ ಏರಲ್ಲ. ನರ ಉಸಿರುಗಟ್ಟಿ ಕೂಗುತ್ತದೆ. ಆ ಕೂಗು ಪಿರ್ರೆಯಲ್ಲಿ, ತೊಡೆಯಲ್ಲಿ, ಮೀನಖಂಡದಲ್ಲಿ ಜೋಮು, ಸೆಳೆತ, ಭಾರ ಆಗಿ ಕೇಳಿಸುತ್ತದೆ. ಎರಡು ನಿಮಿಷ ಕೂತರೆ ರಕ್ತ ಮತ್ತೆ ಹರಿಯುತ್ತದೆ, ಕಾಲು ಸರಿಹೋಗುತ್ತದೆ. ನಿಮ್ಮಪ್ಪನ ಮೂರು ಕಟ್ಟೆಗಳ ಲೆಕ್ಕ ಇದೇ.

ಇದನ್ನು ಒಂದು ಕಾಯಿಲೆಯಾಗಿ ಸ್ಪಷ್ಟವಾಗಿ ವಿವರಿಸಿ 1954ರಲ್ಲಿ ಇಂಗ್ಲಿಷ್‌ನಲ್ಲಿ ಬರೆದವರು ಹಾಲೆಂಡಿನ ಯುಟ್ರೆಕ್ಟ್ ನಗರದ ನರಶಸ್ತ್ರಚಿಕಿತ್ಸಕ ಹೆಂಕ್ ವರ್ಬೀಸ್ಟ್. ಸೈಕಲ್ ಮೇಲೆ ಕೂರಿಸಿ ಇದನ್ನು ಪತ್ತೆಹಚ್ಚುವ ಪರೀಕ್ಷೆಗೂ ವ್ಯಾನ್ ಗೆಲ್ಡರೆನ್ ಅನ್ನುವವರ ಹೆಸರಿದೆ. ರೋಗಿ ಬಾಗಿ ಸೈಕಲ್ ತುಳಿದಾಗ ನೋವಿಲ್ಲ, ನೆಟ್ಟಗೆ ಕೂತು ತುಳಿದಾಗ ನೋವು ಬಂದರೆ ತಪ್ಪು ನರದ್ದು. ನಿಮ್ಮ ತಂದೆ ಈ ಪರೀಕ್ಷೆಯನ್ನು ಪ್ರತಿ ಸಂತೆಯ ದಿನ ತಾವೇ ಮಾಡಿಕೊಳ್ಳುತ್ತಿದ್ದಾರೆ ಅನ್ನಿ.

ಆದರೂ ಒಂದು ಕಡೆ ನನಗೆ ಅಳುಕು ಇದೆ. ಹನ್ನೆರಡು ವರ್ಷದ ಶುಗರ್, ಮೇಲೆ ಹಳೆಯ ಬೀಡಿ. ಕಾಲಿನ ರಕ್ತನಾಳ ಕಟ್ಟಿಕೊಂಡರೂ ನಡೆದಾಗ ಮೀನಖಂಡ ಹಿಡಿಯುತ್ತದೆ, ನಿಂತರೆ ಬಿಡುತ್ತದೆ. ವ್ಯತ್ಯಾಸ ಎಲ್ಲಿದೆ ಅಂದರೆ, ರಕ್ತದ ತೊಂದರೆ ಇರುವವರು ಸುಮ್ನೆ ನಿಂತರೂ ಸಾಕು, ನೋವು ಇಳಿಯುತ್ತದೆ. ನರದ ತೊಂದರೆಯವರಿಗೆ ನಿಂತರೆ ಸಾಲದು, ಕೂರಬೇಕು ಅಥವಾ ಬಾಗಬೇಕು. ರಕ್ತದವರಿಗೆ ಏರು ಹತ್ತುವುದು ಕಷ್ಟ. ನರದವರಿಗೆ ಇಳಿಜಾರು ಕಷ್ಟ, ಯಾಕೆಂದರೆ ಇಳಿಯುವಾಗ ಮೈ ಹಿಂದಕ್ಕೆ ವಾಲುತ್ತದೆ. ರಕ್ತದವರಿಗೆ ಸೈಕಲ್ ತುಳಿದರೂ ಕಾಲು ಹಿಡಿಯುತ್ತದೆ. ಇದನ್ನೆಲ್ಲ ನೋಡಿದರೆ ನಿಮ್ಮ ತಂದೆಯದು ನರದ ಕಡೆಗೇ ವಾಲುತ್ತದೆ. ಆದರೆ ಎರಡೂ ಒಟ್ಟಿಗೆ ಇರಬಹುದು. ಹಾಗಾಗಿ ಪಾದದ ಮೇಲೆ ಮತ್ತು ಒಳಗಣಕಾಲಿನ ಹಿಂದೆ ನಾಡಿ ಸಿಗುತ್ತದಾ ಅಂತ ಡಾಕ್ಟರ ಹತ್ತಿರ ಮುಟ್ಟಿಸಿ ನೋಡಿ. ಕೈಯ ಬಿಪಿಗೂ ಕಣಕಾಲಿನ ಬಿಪಿಗೂ ಹೋಲಿಸುವ ಸರಳ ಪರೀಕ್ಷೆಯೂ ಇದೆ. ಕಣಕಾಲಿನದು ಕೈಯದರ 0.9 ಪಟ್ಟಿಗಿಂತ ಕಮ್ಮಿ ಬಂದರೆ ರಕ್ತನಾಳದ ಡಾಕ್ಟರನ್ನು ಕಾಣಬೇಕು. ಶುಗರ್ ಹಳೆಯದಾದವರಲ್ಲಿ ರಕ್ತನಾಳಗಳು ಗಟ್ಟಿಯಾಗಿ ಈ ಅಂಕಿ ಸುಳ್ಳುಸುಳ್ಳೇ ಚೆನ್ನಾಗಿ ಬರುವುದುಂಟು, ಅಂಥವರಿಗೆ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಬೇಕಾಗುತ್ತದೆ. ಬೆನ್ನಿನ ಆಪರೇಷನ್ ಮುಗಿದ ಮೇಲೆ ಕಾಲಿನ ರಕ್ತನಾಳ ಕಟ್ಟಿದ್ದು ಗೊತ್ತಾಗುವುದು ಯಾರಿಗೂ ಬೇಡ.

ಶುಗರ್‌ನಿಂದ ಪಾದದ ನರಗಳೂ ಕೆಡುತ್ತವೆ. ಅದು ಅಂಗಾಲು ಉರಿ, ಹತ್ತಿಯ ಮೇಲೆ ನಡೆದಂತೆ ಅನಿಸುವುದು, ರಾತ್ರಿ ಜಾಸ್ತಿ. ಕೂತರೂ ನಿಂತರೂ ಒಂದೇ. ಮೆಟ್‌ಫಾರ್ಮಿನ್ ಬಹಳ ವರ್ಷ ತಗೊಂಡವರಲ್ಲಿ ಬಿ12 ಕಮ್ಮಿಯಾಗಬಹುದು, ಅದೂ ಜೋಮು ತರುತ್ತದೆ. ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಕಮ್ಮಿ ಇದ್ದರೆ ಬಿ12 ಕೊಡಬೇಕು. ಇಲ್ಲದಿದ್ದರೆ ಆ ಕೆಂಪು ಇಂಜೆಕ್ಷನ್ನಿನಿಂದ ಸ್ಟೆನೋಸಿಸ್‌ಗೆ ಏನೂ ಆಗಲ್ಲ. ಇನ್ನು ತೊಡೆಸಂದಿನಲ್ಲೇ ನೋವಿದ್ದು ಚಪ್ಪಲಿ ಹಾಕಲು ಕಾಲು ಮಡಿಸಲಾಗದಿದ್ದರೆ ಸೊಂಟದ ಕೀಲು ನೋಡಿಸಿ.

ಈಗ ವರದಿಯ "ಸಿವಿಯರ್" ಪದಕ್ಕೆ ಬರೋಣ. ಆ ಪದ ಓದಿ ಮನೆಮಂದಿಯೆಲ್ಲ ನಿದ್ದೆಗೆಟ್ಟಿರುತ್ತೀರಿ. 1990ರಲ್ಲಿ ಅಮೆರಿಕದಲ್ಲಿ ಬೆನ್ನುನೋವಾಗಲಿ ಕಾಲುನೋವಾಗಲಿ ಇಲ್ಲದ 67 ಜನರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ ನೋಡಿದರು. 60 ದಾಟಿದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಸ್ಟೆನೋಸಿಸ್ ಇತ್ತು. ಅವರಿಗೆ ಯಾವ ತೊಂದರೆಯೂ ಇರಲಿಲ್ಲ. ಫಿಲಂನಲ್ಲಿ ಕಾಣುವ ಇಕ್ಕಟ್ಟಿಗೂ ಮನುಷ್ಯ ಪಡುವ ಕಷ್ಟಕ್ಕೂ ನೇರ ತಾಳೆ ಇಲ್ಲ. ಇನ್ನೊಂದು ವಿಷಯ. ಎಂಆರ್‌ಐ ತೆಗೆಯುವುದು ಮಲಗಿಸಿ. ಕಾಯಿಲೆ ಕಾಣಿಸಿಕೊಳ್ಳುವುದು ನಿಂತಾಗ. ಅದಕ್ಕೇ ನಾನು ಫಿಲಂ ನೋಡುವ ಮೊದಲು ರೋಗಿಯನ್ನು ಕಾರಿಡಾರಿನಲ್ಲಿ ನಡೆಸಿ ನೋಡುತ್ತೇನೆ. ಎಷ್ಟು ದೂರಕ್ಕೆ ನಿಂತರು, ಎಲ್ಲಿ ಕೈ ಇಟ್ಟುಕೊಂಡರು, ಗೋಡೆಗೆ ಒರಗಿದರಾ, ಕುರ್ಚಿ ಹುಡುಕಿದರಾ. ಆಪರೇಷನ್ ಬೇಕೋ ಬೇಡವೋ ಅನ್ನುವುದು ಈ ನಡಿಗೆಯಿಂದ ಮೊದಲು ತೀರ್ಮಾನವಾಗಬೇಕು. ಫಿಲಂ ಬೇಕಾಗುವುದು ಎಲ್ಲಿ, ಎಷ್ಟು ಅನ್ನುವುದಕ್ಕೆ.

ಲಕ್ವ ಹೊಡೆಯುತ್ತೆ ಅನ್ನುವ ಮಾತು ನನಗೆ ಹಿಡಿಸಲಿಲ್ಲ. ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೇ ಮಣಿಯ ಹತ್ತಿರವೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಇರುವುದು ಕುದುರೆ ಬಾಲದಂತೆ ಇಳಿಬಿದ್ದ ಬಿಡಿ ನರಗಳು. ಎಲ್4-ಎಲ್5ನಲ್ಲಿ ಒತ್ತುವುದು ಈ ಬಾಲವನ್ನು, ಹುರಿಯನ್ನಲ್ಲ. ಈ ನರಗಳು ಒತ್ತಡವನ್ನು ಹೆಚ್ಚು ತಡೆದುಕೊಳ್ಳುತ್ತವೆ. ಇಕ್ಕಟ್ಟು ಸಾಧಾರಣ ಮಟ್ಟದ್ದಾಗಿದ್ದರೆ ಬಹಳ ಜನ ವರ್ಷಗಟ್ಟಲೆ ಹೆಚ್ಚುಕಮ್ಮಿ ಅದೇ ಸ್ಥಿತಿಯಲ್ಲಿರುತ್ತಾರೆ, ಕೆಲವರು ಸುಧಾರಿಸುತ್ತಾರೆ, ಕೆಲವರಿಗೆ ಹೆಚ್ಚಾಗುತ್ತದೆ. ಬೆಳಗಾಗುವುದರೊಳಗೆ ಕಾಲು ಬಿದ್ದುಹೋಗುವುದು ಅಪರೂಪ.

ಅಪರೂಪ ಅಂದೆ, ಇಲ್ಲವೇ ಇಲ್ಲ ಅನ್ನಲಿಲ್ಲ. ಸೈಕಲ್ ಸೀಟಿಗೆ ತಾಗುವ ಜಾಗದಲ್ಲಿ ಸ್ಪರ್ಶ ಗೊತ್ತಾಗದಿದ್ದರೆ, ಮೂತ್ರ ಕಟ್ಟಿಕೊಂಡರೆ ಅಥವಾ ಗೊತ್ತಿಲ್ಲದೆ ಹೋದರೆ, ಮಲದ ಹಿಡಿತ ತಪ್ಪಿದರೆ, ಪಾದ ಎತ್ತಲಾಗದೆ ನೆಲಕ್ಕೆ ಎಡವುತ್ತಿದ್ದರೆ ಮಾರನೆಯ ದಿನಕ್ಕೆ ಕಾಯಬೇಡಿ. ರಾತ್ರಿಯಾದರೂ ದೊಡ್ಡ ಆಸ್ಪತ್ರೆಗೆ ಹೋಗಿ. ಈ ವಯಸ್ಸಿನ ಗಂಡಸರಿಗೆ ಪ್ರಾಸ್ಟೇಟ್‌ನಿಂದಲೂ ಮೂತ್ರದ ತೊಂದರೆ ಇರುತ್ತದೆ, ನಿಜ. ಆದರೆ ಹೊಸದಾಗಿ ಶುರುವಾದರೆ ಅದೇ ಇರಬೇಕು ಅಂತ ನೀವೇ ತೀರ್ಮಾನಿಸಬೇಡಿ. ಜೊತೆಗೆ ಜ್ವರ, ತೂಕ ಇಳಿಯುವುದು, ಮಲಗಿದರೂ ಬಿಡದ ಬೆನ್ನುನೋವು ಇದ್ದರೆ ಸೋಂಕು ಅಥವಾ ಗಡ್ಡೆ ಇದೆಯಾ ನೋಡಬೇಕು. ಕ್ಷಯ ಬೆನ್ನುಮೂಳೆಗೂ ಬರುತ್ತದೆ.

ಹಾಗಾದರೆ ಈ ಕಾಯಿಲೆ ನಿಧಾನವಾಗಿ ಕಸಿಯುವುದು ಏನನ್ನು? ನಡಿಗೆಯನ್ನು. ನಡೆದರೆ ನೋವು ಅಂತ ಮನುಷ್ಯ ನಡೆಯುವುದು ಬಿಡುತ್ತಾನೆ. ತೊಡೆ ಸೊರಗುತ್ತದೆ, ಹೊಟ್ಟೆ ಬರುತ್ತದೆ, ಶುಗರ್ ಏರುತ್ತದೆ. ಯಾವಾಗಲೂ ಬಾಗಿ ನಡೆದು ಸೊಂಟದ ಮುಂದಿನ ಸ್ನಾಯುಗಳು ಮೊಟಕಾಗುತ್ತವೆ, ಆಮೇಲೆ ನೆಟ್ಟಗಾಗಲು ಹೋದರೂ ಆಗಲ್ಲ. ಬೀಳುವ ಭಯ ಸೇರಿಕೊಳ್ಳುತ್ತದೆ. ಮದುವೆಗೆ ಬರಲ್ಲ, ದೇವಸ್ಥಾನದ ಸಾಲಿನಲ್ಲಿ ನಿಲ್ಲಲ್ಲ, "ನೀವು ಹೋಗಿಬನ್ನಿ" ಅನ್ನುತ್ತಾರೆ. ಊರಿಡೀ ಸುತ್ತಿ ಕಾಗದ ಹಂಚಿದ ಮನುಷ್ಯನಿಗೆ ಇದು ಎಷ್ಟು ಚುಚ್ಚುತ್ತದೆ ಯೋಚಿಸಿ.

ಚಿಕಿತ್ಸೆಯಲ್ಲಿ ನಾನು ಮೊದಲು ಮೂರು ತಿಂಗಳು ವ್ಯಾಯಾಮಕ್ಕೆ ಕೊಡುತ್ತೇನೆ. ಕಾಲಿನ ಬಲ ಸರಿಯಿದ್ದವರಿಗೆ ಮಾತ್ರ. ಮಲಗಿ ಒಂದೊಂದೇ ಮಂಡಿಯನ್ನು ಎದೆಗೆ ಎಳೆದುಕೊಳ್ಳುವುದು, ಸೊಂಟವನ್ನು ಹಾಸಿಗೆಗೆ ಒತ್ತುವುದು, ಕುರ್ಚಿಯಿಂದ ಕೈ ಊರದೆ ಏಳುವುದು, ಹೊಟ್ಟೆಯ ಸ್ನಾಯು ಗಟ್ಟಿಮಾಡುವುದು. ಮಾಡುವ ರೀತಿಯನ್ನು ಒಮ್ಮೆ ಫಿಸಿಯೋಥೆರಪಿಸ್ಟ್ ಹತ್ತಿರ ಕಲಿತುಕೊಳ್ಳಿ, ಮೊಬೈಲ್ ನೋಡಿ ಬೇಡ. ಯೋಗದಲ್ಲಿ ಪವನಮುಕ್ತಾಸನ ಆಗುತ್ತದೆ. ಭುಜಂಗಾಸನ, ಧನುರಾಸನ, ಚಕ್ರಾಸನದಂಥ ಹಿಂದಕ್ಕೆ ಬಾಗುವವು ಬೇಡವೇ ಬೇಡ. "ಬೆನ್ನುನೋವಿಗೆ ಭುಜಂಗಾಸನ" ಅಂತ ಯಾರೋ ಹೇಳಿದ್ದು ಕೇಳಿ ಮಾಡಿ, ಕಾಲು ಹಿಡಿದುಕೊಂಡು ಬಂದವರನ್ನು ನೋಡಿದ್ದೇನೆ. ಡಿಸ್ಕ್ ಜಾರಿದ ಕೆಲವರಿಗೆ ಅದು ಒಳ್ಳೆಯದೇ, ಇವರಿಗಲ್ಲ. ಮೂಳೆ ಟೊಳ್ಳಾಗಿರುವ ಹೆಂಗಸರು ಮುಂದಕ್ಕೆ ಜೋರಾಗಿ ಬಾಗುವುದಕ್ಕೂ ಮೊದಲು ಕೇಳಬೇಕು.

ನಡಿಗೆ ಬಿಡಬಾರದು, ತುಂಡುಮಾಡಬೇಕು. ನೋವು ಶುರುವಾಗುವ ಮುಂಚೆಯೇ ಕೂತುಬಿಡಬೇಕು, ಮತ್ತೆ ಎದ್ದು ನಡೆಯಬೇಕು. ಅಡುಗೆಮನೆಯಲ್ಲಿ ನಿಂತು ಕೆಲಸ ಮಾಡುವವರು ಒಂದು ಕಾಲನ್ನು ಪುಟ್ಟ ಮಣೆಯ ಮೇಲಿಡಿ, ಸೊಂಟದ ಬಾಗು ಕಮ್ಮಿಯಾಗುತ್ತದೆ. ಅಂಗಾತ ಮಲಗುವುದಾದರೆ ಮಂಡಿ ಕೆಳಗೆ ದಿಂಬು. ಇಲ್ಲವೇ ಪಕ್ಕಕ್ಕೆ ತಿರುಗಿ ಕಾಲು ಮಡಿಸಿ. ಸೊಂಟದ ಬೆಲ್ಟು ದೂರದ ಪ್ರಯಾಣಕ್ಕೆ ಇರಲಿ. ದಿನವಿಡೀ ಕಟ್ಟಿಕೊಂಡರೆ ಸ್ನಾಯು ಸೋಮಾರಿಯಾಗುತ್ತದೆ.

ಮಾತ್ರೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಾತ್ರೆಯಿಂದ ಕೊಳವೆ ಅಗಲವಾಗಲ್ಲ. ಪ್ಯಾರಾಸಿಟಮಾಲ್ ಆಗಾಗ ಪರವಾಗಿಲ್ಲ. ಬೇರೆ ನೋವಿನ ಮಾತ್ರೆಗಳನ್ನು ಮೆಡಿಕಲ್ ಶಾಪಿನಿಂದ ತಂದು ತಿಂಗಳುಗಟ್ಟಲೆ ನುಂಗಿದರೆ ಶುಗರ್ ಇರುವವರ ಕಿಡ್ನಿಗೆ ಪೆಟ್ಟು. ನರದ ನೋವಿಗೆ ಕೊಡುವ ಪ್ರಿಗಾಬಾಲಿನ್, ಗಾಬಾಪೆಂಟಿನ್ ಕೆಲವರಿಗೆ ಸ್ವಲ್ಪ ಆರಾಮ ಕೊಡಬಹುದು, ಆದರೆ ತಲೆಸುತ್ತು ಬಂದು ವಯಸ್ಸಾದವರು ಬೀಳುತ್ತಾರೆ.

ಬೆನ್ನಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಅಮೆರಿಕದಲ್ಲಿ 400 ಸ್ಟೆನೋಸಿಸ್ ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮರಗಟ್ಟಿಸುವ ಔಷಧಿಗೆ ಸ್ಟೀರಾಯ್ಡ್ ಸೇರಿಸಿ ಕೊಟ್ಟವರಿಗೂ ಸೇರಿಸದೆ ಕೊಟ್ಟವರಿಗೂ ಆರು ವಾರದ ಹೊತ್ತಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಮಗಳ ಮದುವೆಯಂಥ ಒಂದು ಸಂದರ್ಭ ದಾಟಿಸಲು ಯಾರಿಗಾದರೂ ಕೊಟ್ಟಿದ್ದೇನೆ. ನಿಮ್ಮ ತಂದೆಗೆ ಕೊಟ್ಟರೆ ಕೆಲವು ದಿನ ಶುಗರ್ ಏರುತ್ತದೆ, ಗಮನ ಇರಲಿ.

ಆಪರೇಷನ್? ಹೆದರಿಸಿ ಮಾಡಿಸುವುದೂ ತಪ್ಪು, ವಯಸ್ಸಾಯ್ತು ಅಂತ ತಳ್ಳಿಹಾಕುವುದೂ ತಪ್ಪು. 69 ಏನು ಮಹಾ ವಯಸ್ಸಲ್ಲ. 2008ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಆಪರೇಷನ್ ಮಾಡಿಸಿಕೊಂಡವರು ಎರಡು ವರ್ಷದ ಹೊತ್ತಿಗೆ ಉಳಿದವರಿಗಿಂತ ಚೆನ್ನಾಗಿದ್ದರು. 2015ರ ಇನ್ನೊಂದರಲ್ಲಿ 169 ಜನರಲ್ಲಿ ಕೆಲವರಿಗೆ ಆಪರೇಷನ್, ಕೆಲವರಿಗೆ ಫಿಸಿಯೋಥೆರಪಿ ಅಂತ ಹಂಚಿದರು. ಎರಡು ವರ್ಷದ ಮೇಲೆ ಎರಡೂ ಗುಂಪು ಹೆಚ್ಚುಕಮ್ಮಿ ಸಮ. ಇದನ್ನು ಹಿಡಿದುಕೊಂಡು ಆಪರೇಷನ್ನೇ ಬೇಡ ಅನ್ನುವವರಿದ್ದಾರೆ. ಆದರೆ ಫಿಸಿಯೋ ಗುಂಪಿನ ಅರ್ಧಕ್ಕಿಂತ ಜಾಸ್ತಿ ಜನ ನಡುವೆಯೇ ಆಪರೇಷನ್‌ಗೆ ಹೋಗಿದ್ದರು ಅನ್ನುವುದನ್ನು ಅವರು ಹೇಳಲ್ಲ! ನಾನು ಇದನ್ನು ಅರ್ಥಮಾಡಿಕೊಳ್ಳುವುದು ಹೀಗೆ: ಕಾಲಿನ ಬಲ ಚೆನ್ನಾಗಿದ್ದರೆ ಕಾದು ನೋಡುವುದರಿಂದ ಸಾಮಾನ್ಯವಾಗಿ ನಷ್ಟವಿಲ್ಲ. ಕಾದ ಮೇಲೂ ನಡಿಗೆ ಕುಗ್ಗುತ್ತಲೇ ಹೋದರೆ ಹಿಂಜರಿಯಬೇಡಿ.

ಆಪರೇಷನ್ ಅಂದರೆ ಮುಖ್ಯವಾಗಿ ಹಿಂಬದಿಯ ಮೂಳೆ, ದಪ್ಪವಾದ ಪಟ್ಟಿ ತೆಗೆದು ನರಕ್ಕೆ ಜಾಗ ಮಾಡುವುದು. ಸ್ಕ್ರೂ, ರಾಡ್ ಹಾಕಿ ಮಣಿಗಳನ್ನು ಬೆಸೆಯುವುದು ಬೇರೆಯದೇ ಕೆಲಸ. ಎಲ್ಲರಿಗೂ ಅದು ಬೇಕಿಲ್ಲ. 2016ರಲ್ಲಿ ಸ್ವೀಡನ್ನಿನ 247 ರೋಗಿಗಳ ಅಧ್ಯಯನದಲ್ಲಿ ಬೆಸೆದದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಆಪರೇಷನ್ ಸಮಯ, ರಕ್ತ ಹೋಗುವುದು, ಖರ್ಚು ಮಾತ್ರ ಜಾಸ್ತಿಯಾಯಿತು. ಅದೇ ವರ್ಷ ಅಮೆರಿಕದ 66 ಜನರ ಅಧ್ಯಯನ ಬೆಸೆಯುವುದರ ಪರ ಸ್ವಲ್ಪ ವಾಲಿತು. 2021ರಲ್ಲಿ ನಾರ್ವೆಯವರು ಮಣಿ ಜಾರಿದವರಲ್ಲೂ ಜಾಗ ಮಾಡಿದರೆ ಸಾಕು, ಬೆಸೆಯದಿದ್ದರೂ ಫಲಿತಾಂಶ ಕಡೆಯಲ್ಲ ಎಂದು ತೋರಿಸಿದರು. ಹಾಗಾಗಿ ಆ ಡಾಕ್ಟರನ್ನು ಒಂದೇ ಪ್ರಶ್ನೆ ಕೇಳಿ: "ಸ್ಕ್ರೂ ಯಾಕೆ ಬೇಕು ಸಾರ್? ಮಣಿ ಜಾರಿದೆಯಾ, ಅಲುಗಾಡುತ್ತಿದೆಯಾ?" ಬಗ್ಗಿ, ನೆಟ್ಟಗಾಗಿ ತೆಗೆದ ಎಕ್ಸ್‌ರೇ ತೋರಿಸಿ ಉತ್ತರ ಹೇಳಿದರೆ ನಂಬಿ. ಸಿಟ್ಟು ಮಾಡಿಕೊಂಡರೆ ಇನ್ನೊಬ್ಬರನ್ನು ಕೇಳಿ.

ಒಂದು ಮಾತು ಮೊದಲೇ ಅಪ್ಪನಿಗೆ ಹೇಳಿಬಿಡಿ. ಈ ಆಪರೇಷನ್‌ನಿಂದ ಕಾಲುನೋವು ಇಳಿಯುವಷ್ಟು ಸೊಂಟನೋವು ಇಳಿಯಲ್ಲ. ಬೆನ್ನು ಮೊದಲಿನಂತಾಗುತ್ತೆ ಅಂದುಕೊಂಡು ಹೋದವರೇ ಆಮೇಲೆ ಬೇಜಾರು ಮಾಡಿಕೊಳ್ಳುವುದು. ಸೋಂಕು, ನರದ ಹೊದಿಕೆ ಹರಿಯುವುದು, ಕೆಲವು ವರ್ಷದ ಮೇಲೆ ಮತ್ತೆ ಇಕ್ಕಟ್ಟಾಗುವುದು, ಇವೆಲ್ಲ ಇದ್ದದ್ದೇ. ಶುಗರ್ ಹತೋಟಿಯಲ್ಲಿದ್ದರೆ ಸೋಂಕಿನ ಅಪಾಯ ಕಮ್ಮಿ.

ಇಕ್ಕಟ್ಟು ಕುತ್ತಿಗೆಯಲ್ಲೂ ಆಗುತ್ತದೆ. ಒಬ್ಬರಿಗೇ ಎರಡೂ ಕಡೆ ಇರುವುದೂ ಉಂಟು. ಅಲ್ಲಿ ಒತ್ತುವುದು ಬೆನ್ನುಹುರಿಯನ್ನೇ. ಕಥೆ ಪೂರ್ತಿ ಬೇರೆ. ಅಂಗಿಯ ಗುಂಡಿ ಹಾಕಲು ತಡಬಡಾಯಿಸುವುದು, ಅಕ್ಷರ ಕೆಡುವುದು, ಚಪ್ಪಲಿ ಕಾಲಿಂದ ಜಾರಿದ್ದೇ ಗೊತ್ತಾಗದಿರುವುದು, ಕುಡಿದವರಂತೆ ತೂರಾಡುವುದು, ಕತ್ತು ಬಗ್ಗಿಸಿದರೆ ಬೆನ್ನಲ್ಲಿ ಕರೆಂಟ್ ಹೊಡೆದಂತಾಗುವುದು. ಇದರಲ್ಲಿ ಯಾವುದಿದ್ದರೂ ಕುತ್ತಿಗೆಯ ಎಂಆರ್‌ಐ ಬೇಕು. ಅಲ್ಲಿ ಮಾತ್ರ ಕಾಯುವ ನೀತಿ ನಡೆಯಲ್ಲ, ಯಾರ ಕೈಯಲ್ಲೂ ಕುತ್ತಿಗೆ ಲಟಕ್ ಅನ್ನಿಸಿಕೊಳ್ಳಬಾರದು. ಪಾವಗಡ, ಮುಂಡರಗಿ, ಕೋಲಾರದ ಕಡೆಯ ಓದುಗರಿಗೆ ಇನ್ನೊಂದು ಸೇರಿಸುತ್ತೇನೆ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದನ್ನು ವರ್ಷಾನುಗಟ್ಟಲೆ ಕುಡಿದವರಲ್ಲಿ ಆ ಹಳದಿ ಪಟ್ಟಿಯೇ ಮೂಳೆಯಾಗಬಹುದು. ಅವರಿಗೆ ಕಾಲು ಜೋಮಿಗಿಂತ ಬಿಗಿತ ಜಾಸ್ತಿ.

ಕೊನೆಗೆ ಸೈಕಲ್. ದಯವಿಟ್ಟು ಬಿಡಿಸಬೇಡಿ. ನೋವಿಲ್ಲದೆ ತೊಡೆ ಗಟ್ಟಿಯಾಗಿಡುವ, ಶುಗರ್ ಇಳಿಸುವ ವ್ಯಾಯಾಮ ಅವರಿಗೆ ತಾನಾಗೇ ಸಿಕ್ಕಿದೆ. ಸೀಟು ಸ್ವಲ್ಪ ಇಳಿಸಿ, ಸೈಕಲ್ ನಿಲ್ಲಿಸಿದಾಗ ಸೀಟಿನ ಮೇಲೆ ಕೂತೇ ಎರಡೂ ಪಾದ ನೆಲಕ್ಕೆ ತಾಗಬೇಕು. ಮೇನ್ ರೋಡ್ ಬೇಡ, ಕತ್ತಲಾದ ಮೇಲೆ ಬೇಡ. ಪಾದದ ಬಲ ಕುಂದಿದರೆ, ಹೆಬ್ಬೆರಳು ಮೇಲೆತ್ತಲು ಆಗದಿದ್ದರೆ ಅವತ್ತೇ ನಿಲ್ಲಿಸಿ. ಬಸ್ ಸ್ಟ್ಯಾಂಡಿಗೆ ನಡೆದೇ ಹೋಗುವುದಾದರೂ ಸೈಕಲ್ ತಳ್ಳಿಕೊಂಡು, ಹ್ಯಾಂಡಲ್ ಮೇಲೆ ಮೈಭಾರ ಬಿಟ್ಟು ಹೋಗಲಿ. ಆಸ್ಪತ್ರೆಯಲ್ಲಿ ನಾವು ಕೊಡುವ ಗಾಲಿ ವಾಕರ್ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ಅಡ್ಡ ರಾಡ್ ದಾಟಿ ಕಾಲು ಎತ್ತಿಹಾಕುವಾಗ ತೊಡರುತ್ತಿದ್ದರೆ ರಾಡ್ ಇಲ್ಲದ ಲೇಡೀಸ್ ಸೈಕಲ್ ಕೊಡಿಸಿ. ಬೇಡ ಅಂತಾರೆ, ನನಗೆ ಗೊತ್ತು. ಮೊಮ್ಮಗಳಿಗೆ ಅಂತ ಹೇಳಿ ತಂದು ಅಂಗಳದಲ್ಲಿ ನಿಲ್ಲಿಸಿ.